ಬೇಲಿಯ ಗೌರಿ ಹೂವಿನ ಹಿಂದಿನ ಕತೆ

ಗೌರಿ ಹಬ್ಬ ಹತ್ರ ಬಂತು, ಬೇಲಿ ಮೇಲೆ ಗೌರಿ ಹೂ ಬಿಟ್ಟಿದೆ. ಅರಳುವಾಗ ಹಸಿರು-ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಡ. ಅಗ್ನಿಶಿಖೆ ಅಂತ ಸುಮ್ನೆ ಕರೀಲಿಲ್ಲ. ಮಳೆಗಾಲ ಕಳೆದ ಮೇಲೆ ಬಳ್ಳಿ ಒಣಗುತ್ತೆ, ಗಡ್ಡೆ ಮಣ್ಣೊಳಗೆ ಮಲಗುತ್ತೆ, ಮುಂಗಾರಿಗೆ ಮತ್ತೆ ತಾನೇ ಏಳುತ್ತೆ.

ಇದರ ಚರಿತ್ರೆ ಹೆಸರುಗಳಲ್ಲೇ ಇದೆ. ಸಂಸ್ಕೃತದಲ್ಲಿ ಲಾಂಗಲಿ. ಲಾಂಗಲ ಅಂದ್ರೆ ನೇಗಿಲು. ಗಡ್ಡೆಯ ಕವಲು ನೋಡಿದ್ರೆ ಯಾಕೆ ಅಂತ ಗೊತ್ತಾಗುತ್ತೆ. ಮಣ್ಣು ಅಗೆದವನೇ ಇಟ್ಟ ಹೆಸರು ಅಂತ ನನ್ನ ಅಂದಾಜು. ಇನ್ನೊಂದು ಹೆಸರು ಗರ್ಭಪಾತಿನಿ. ಅದರ ಹಿಂದೆ ಎಷ್ಟು ಹೆಣ್ಣುಮಕ್ಕಳ ಸಂಕಟ ಇತ್ತೋ! ಆಯುರ್ವೇದ ಇದನ್ನ ಉಪವಿಷಗಳ ಸಾಲಿಗೆ ಸೇರಿಸಿದೆ. ತಮಿಳರಿಗೆ ಇದು ಕಾಂದಳ್. ಸಂಗಂ ಕಾಲದ ಕುರಿಂಜಿಪ್ಪಾಟ್ಟು 99 ಹೂಗಳನ್ನ ಹೆಸರಿಸುತ್ತೆ, ಮೊದಲನೇದು ಇದೇ. ಈಗ ತಮಿಳುನಾಡಿನ ರಾಜ್ಯ ಹೂವೂ ಹೌದು.

ಯೂರೋಪಿನಲ್ಲೂ ಶರತ್ಕಾಲಕ್ಕೆ ಅರಳೋ ಒಂದು ಕಾಡುಹೂ ಇದೆ, ಕಾಲ್ಚಿಕಂ. ಅದೂ ಗಡ್ಡೆ ಗಿಡ, ಅದೂ ವಿಷ. ಕೀಲು ಊದಿಸುವ ಗೌಟ್ ಕಾಯಿಲೆಗೆ ಅಲ್ಲಿಯವರ ಹಳೇ ಮದ್ದು. 1820ರಲ್ಲಿ ಪೆಲ್ಲೆಟಿಯೇ ಮತ್ತು ಕಾವೆಂಟು ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞರು ಅದರ ಸಾರ ಬೇರ್ಪಡಿಸಿದರು. ಅದೇ ಮುಂದೆ ಕಾಲ್ಚಿಸಿನ್ ಅನ್ನಿಸಿಕೊಂಡಿತು. ನಮ್ಮ ಗೌರಿ ಹೂವಿನ ಗಡ್ಡೆ, ಬೀಜದಲ್ಲಿರೋದೂ ಅದೇ ವಸ್ತು. 1937ರ ಹೊತ್ತಿಗೆ ಅಮೆರಿಕದ ಬ್ಲೇಕ್ಸ್‌ಲೀ ಮತ್ತು ಏವರಿ ಇದರಿಂದ ಗಿಡದ ವರ್ಣತಂತುಗಳನ್ನ ಇಮ್ಮಡಿ ಮಾಡಬಹುದು ಅಂತ ತೋರಿಸಿದರು. ಜಪಾನಿನವರು ಬೀಜವಿಲ್ಲದ ಕಲ್ಲಂಗಡಿ ತಂದದ್ದು ಆ ದಾರಿಯಿಂದಲೇ.

ಅಲ್ಲಿಂದ ಬೇಲಿ ಬಳ್ಳಿಗೆ ಬೆಲೆ ಬಂತು. ತಮಿಳುನಾಡಿನ ರೈತರು ಬೀಜಕ್ಕಾಗಿ ಇದನ್ನ ಹೊಲದಲ್ಲೇ ಬೆಳೀತಾರೆ. ಹೂವಿನ ಶಲಾಕೆ ಪಕ್ಕಕ್ಕೆ ಮುರಿದ ಹಾಗೆ ತಿರುಗಿರುತ್ತೆ, ಪರಾಗ ತಾನಾಗಿ ಸರಿಯಾಗಿ ಮುಟ್ಟಲ್ಲ. ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಲ್ಲೇ ಪರಾಗ ಮುಟ್ಟಿಸಬೇಕು. ಬೆಲೆ ಬಂದ್ಮೇಲೆ ಕಾಡಿನ ಗಡ್ಡೆಗೂ ಗುದ್ದಲಿ ಬಿತ್ತು. ಬೀಜದಿಂದ ಬಂದ ಸಸಿ ಹೂ ಬಿಡೋಕೆ ಎರಡು-ಮೂರು ವರ್ಷ ಬೇಕು, ಅಗೆಯೋಕೆ ಎರಡು ನಿಮಿಷ ಸಾಕು.

ಹಾಗಾಗಿ ಹಿತ್ತಲಲ್ಲಿ ನೆಡಿ ಅಂತೀನಿ. ನೀರು ನಿಲ್ಲದ ಜಾಗ, ಹಬ್ಬೋಕೆ ಒಂದು ಬೇಲಿ, ಅಷ್ಟೇ. ಗಡ್ಡೆಯ ಪ್ರತಿ ಕವಲಿನ ತುದಿಯಲ್ಲಿ ಒಂದೇ ಕಣ್ಣು. ಅದು ಮುರಿದ್ರೆ ಆ ಕವಲು ಚಿಗುರಲ್ಲ. ಆದ್ರೆ ಗೆಣಸಿನ ಮಡಿ ಹತ್ರ ಮಾತ್ರ ಬೇಡ. ಗೆಣಸು ಅಂತ ಬೇಯಿಸಿ ತಿಂದು ಶ್ರೀಲಂಕಾದಲ್ಲಿ ಜನ ಸತ್ತಿದ್ದಾರೆ, ಬೇಯಿಸಿದ್ರೂ ವಿಷ ಹೋಗಲ್ಲ. ದನ, ಮಕ್ಕಳ ಕೈಗೆ ಸಿಗಬಾರದು. ಯಾರಾದ್ರೂ ತಿಂದ್ರೆ ಮನೆಮದ್ದು ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆ.

ಗಡ್ಡೆ ಬೇಕಾದವರು ಬಳ್ಳಿ ಒಣಗಿದ ಮೇಲೆ ಬನ್ನಿ, ಕೊಡ್ತೀನಿ.