ವಾಯಿದೆ ಇಲ್ಲದ ವಾಗ್ದಾನ

ನಮ್ಮ ಆಡುಮಾತಿನಲ್ಲಿ ‘ವಾಯಿದೆ’ ಎಂಬ ಪದವೊಂದಿದೆ. ಸಾಲದ ವಾಯಿದೆ, ಕಂದಾಯದ ವಾಯಿದೆ, ಕೋರ್ಟಿನ ವಾಯಿದೆ ಎಂದೆಲ್ಲ ನಾವು ಬಳಸುತ್ತೇವೆ. ಗೊತ್ತುಪಡಿಸಿದ ದಿನ, ಗಡುವು ಎಂಬುದು ಅದರ ಅರ್ಥ. ಉರ್ದು ಬಲ್ಲವರಿಗೆ ಇದರ ಮೂಲ ಕೂಡಲೇ ಹೊಳೆಯುತ್ತದೆ. ಅದು ‘ವಾದಾ’, ಅಂದರೆ ಕೊಟ್ಟ ಮಾತು. ಈ ಪದ ಕನ್ನಡದ ಸಂತೆ, ಕಚೇರಿಗಳಿಗೆ ಬಂದು ನೆಲೆಸುವಷ್ಟರಲ್ಲಿ ‘ಮಾತು’ ಎಂಬ ಅರ್ಥ ಹಿಂದೆ ಸರಿದು ‘ದಿನ’ ಎಂಬ ಅರ್ಥ ಮುಂದೆ ಬಂತು. ದಿನ ಗೊತ್ತುಮಾಡದ ಮಾತು ಮಾತೇ ಅಲ್ಲ ಎಂದು ನಮ್ಮ ಹಿರಿಯರು ತಿಳಿದಿದ್ದರೇನೋ.

ಇಂದು ನಮ್ಮ ಮನೆಗೆ ಬರುವ ಪ್ರತಿಯೊಂದು ಯಂತ್ರದ ಜೊತೆಗೂ ಒಂದು ವಾರಂಟಿ ಕಾರ್ಡು ಬರುತ್ತದೆ. ಗಿರಾಕಿ ಎಷ್ಟು ದಿನದೊಳಗೆ ದೂರಬೇಕು ಎಂಬುದನ್ನು ಅದು ಕಟ್ಟುನಿಟ್ಟಾಗಿ ಹೇಳುತ್ತದೆ. ಒಂದು ವರ್ಷ ಎಂದರೆ ಒಂದು ವರ್ಷ. ಮಾರನೆಯ ದಿನ ಹೋದರೆ ಕಾಸು ಕೊಡಬೇಕು. ಆದರೆ ಕೆಟ್ಟ ವಸ್ತುವನ್ನು ಕಂಪನಿ ಎಷ್ಟು ದಿನದೊಳಗೆ ಸರಿಮಾಡಿ ಕೊಡಬೇಕು ಎಂಬ ಸಾಲು ಅದರಲ್ಲಿ ಸಿಗುವುದು ಅಪರೂಪ. ನಮಗೆ ವಾಯಿದೆ ಇದೆ, ಅವರಿಗಿಲ್ಲ. ಇದು ಯಾವಾಗಿನಿಂದ ಹೀಗೆ? ಹಿಂದೆಯೂ ಹೀಗೇ ಇತ್ತೇ?

ಹೂಮಳೆ ಕಾಯುವುದಿಲ್ಲ

ಪಟ್ಟಣದವರಿಗೆ ರಿಪೇರಿ ತಡವಾದರೆ ಕಿರಿಕಿರಿ. ನಮ್ಮ ಮೂಡಿಗೆರೆ, ಕಳಸದ ಕಡೆ ಅದು ವರ್ಷದ ದುಡಿಮೆಯ ಪ್ರಶ್ನೆ. ರೊಬಸ್ಟಾ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆಗಾಗಿ ಕಾದಿರುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಬೇಕು. ಮತ್ತೆ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ನೀರು ಕೊಡಬೇಕು. ಆ ಹೊತ್ತಿಗೆ ಪಂಪ್‌ಸೆಟ್ ರಿಪೇರಿಗೆ ಹೋಗಿ ಒಂದು ತಿಂಗಳು ಮರಳದಿದ್ದರೆ, ಆಮೇಲೆ ಅದು ಹೊಸದರಂತೆ ಓಡಿದರೂ ಏನು ಪ್ರಯೋಜನ? ಹಾಗೆಯೇ ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕು. ರಾಶಿ ಬಿಟ್ಟರೆ ಹುಳಿ ಬರುತ್ತದೆ, ಕಾಫಿಯ ಗುಣ ಕೆಡುತ್ತದೆ. ಕೊಯ್ಲಿನ ನಡುವೆ ಪಲ್ಪರ್ ನಿಂತರೆ ಹಣ್ಣಿಗೆ ‘ತಡಿ’ ಎಂದು ಹೇಳಲಾಗುವುದಿಲ್ಲ.

ಅಂಗಡಿಯವರನ್ನು ಕೇಳಿದರೆ ಉತ್ತರ ಸಿದ್ಧವಿರುತ್ತದೆ. ‘ಚಿಕ್ಕಮಗಳೂರಿಗೆ ಕಳಿಸಿದ್ದೇವೆ, ಅಲ್ಲಿಂದ ಬೆಂಗಳೂರಿಗೆ ಹೋಗಿದೆ, ಪಾರ್ಟ್ ಬಂದಿಲ್ಲ, ನಾಳೆ ಬನ್ನಿ.’ 1990ರ ದಶಕದಲ್ಲಿ ನಮ್ಮ ರಾಜ್ಯದ ಊರೂರುಗಳಲ್ಲಿ ಮನೆಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗಿ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ವಾರಂಟಿ ಕಾರ್ಡು ಹಿಡಿದ ಗಿರಾಕಿಯ ಪಾಡು ಆ ದೆವ್ವದ ಪಾಡಿಗಿಂತ ಬೇರೆಯಲ್ಲ.

ಹಳೆಯವರ ಲೆಕ್ಕ

ತಡಮಾಡಿದವನೇ ನಷ್ಟ ಹೊರಬೇಕು ಎಂಬ ವಿಚಾರ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷಿಗೆ ತಂದರು. ರಾಜನೀತಿಯ ಗ್ರಂಥವೆಂದು ಹೆಸರಾದ ಆ ಪುಸ್ತಕದಲ್ಲಿ ಕುಶಲಕರ್ಮಿಗಳ ಬಗ್ಗೆ ಒಂದು ಅಧ್ಯಾಯವಿದೆ. ಒಪ್ಪಿದ ಸಮಯಕ್ಕೆ ಕೆಲಸ ಮಾಡಿಕೊಡದವನ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ ಎಂದು ಅಲ್ಲಿ ಹೇಳಿದೆ. ಅಗಸನಿಗಂತೂ ಬಟ್ಟೆಯ ಬಣ್ಣಕ್ಕೆ ತಕ್ಕಂತೆ ದಿನ ಗೊತ್ತುಮಾಡಲಾಗಿತ್ತು. ತಿಳಿಬಣ್ಣದ ಬಟ್ಟೆಗೆ ಐದು ರಾತ್ರಿ, ನೀಲಿಗೆ ಆರು ರಾತ್ರಿ. ಅದು ದಾಟಿದರೆ ಕೂಲಿ ಇಲ್ಲ.

ಇದೇ ಗ್ರಂಥ ಕೊಂಡ ವಸ್ತುವನ್ನು ಹಿಂತಿರುಗಿಸಲೂ ಅವಧಿ ಕೊಡುತ್ತದೆ. ವ್ಯಾಪಾರಿಗಳಿಗೆ ಒಂದು ರಾತ್ರಿ, ರೈತರಿಗೆ ಮೂರು, ಗೋಪಾಲಕರಿಗೆ ಐದು. ದಂಡದ ಕಾಟ ಬಡ ಅಗಸನಿಗೇ ಹೆಚ್ಚು ತಟ್ಟುತ್ತಿತ್ತು ಎಂಬುದೂ ನಿಜ. ಆದರೂ ಕಾಲಕ್ಕೆ ಬೆಲೆ ಇದೆ, ಆ ಬೆಲೆಯನ್ನು ತಡಮಾಡಿದವನು ತೆರಬೇಕು ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಕೊಳ್ಳುವಾಗ ತಿಳಿಯದಿದ್ದ ದೋಷ ಆಮೇಲೆ ಕಂಡುಬಂದರೆ ವಸ್ತುವನ್ನು ಮರಳಿಸಿ ಹಣ ಪಡೆಯುವ ಹಕ್ಕನ್ನು ಅಲ್ಲಿ ‘ಖಿಯಾರ್ ಅಲ್ ಐಬ್’ ಎನ್ನುತ್ತಾರೆ. ದೋಷ ತಿಳಿದ ಮೇಲೂ ಬಳಸುತ್ತ ಹೋದರೆ ಒಪ್ಪಿಕೊಂಡಂತೆ ಎಂಬ ಎಚ್ಚರಿಕೆಯೂ ಅದರ ಜೊತೆಗಿದೆ. ಕೊಂಡದ್ದನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಯೋಚಿಸಲು ಷರತ್ತಿನ ಅವಧಿ ಇಟ್ಟುಕೊಳ್ಳುವುದಕ್ಕೆ ‘ಖಿಯಾರ್ ಅಲ್ ಶರ್ತ್’ ಎಂದು ಹೆಸರು. ಇಮಾಮ್ ಅಬೂ ಹನೀಫಾ ಇದಕ್ಕೆ ಮೂರು ದಿನದ ಮಿತಿ ಹಾಕಿದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಹೆಚ್ಚು ದಿನವಾದರೂ ಸರಿ ಎಂದರು, ಆದರೆ ಆ ಮುದ್ದತು ಎಷ್ಟೆಂದು ಇಬ್ಬರಿಗೂ ತಿಳಿದಿರಬೇಕು ಎಂದರು. ಗುರುಶಿಷ್ಯರ ನಡುವಿನ ಈ ಭಿನ್ನಾಭಿಪ್ರಾಯ 12ನೇ ಶತಮಾನದ ‘ಹಿದಾಯಾ’ ಗ್ರಂಥದಲ್ಲಿ ದಾಖಲಾಗಿದೆ. ಮೂರು ದಿನವೋ ಮೂವತ್ತು ದಿನವೋ ಎಂಬುದರಲ್ಲಿ ಜಗಳವಿತ್ತು. ಗೊತ್ತಿಲ್ಲದ ಮುದ್ದತನ್ನು ಮಾತ್ರ ಯಾರೂ ಒಪ್ಪಲಿಲ್ಲ.

‘ಕೊಳ್ಳುವವನೇ ಎಚ್ಚರವಾಗಿರು’

ಬ್ರಿಟಿಷರ ಜೊತೆ ಬಂದ ಕಾನೂನಿನ ಧೋರಣೆ ಬೇರೆ. ಸರಕನ್ನು ನೋಡಿ, ಮುಟ್ಟಿ, ಪರೀಕ್ಷಿಸಿ ಕೊಳ್ಳುವುದು ಗಿರಾಕಿಯ ಹೊಣೆ ಎಂಬುದು ಅದರ ಮೂಲ ನಂಬಿಕೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಶುರುವಾಗುವುದೇ, ಗುಣಮಟ್ಟದ ಬಗ್ಗೆ ಹೇಳದೇ ಉಳಿದ ಭರವಸೆ ಯಾವುದೂ ಇರುವುದಿಲ್ಲ ಎಂಬ ಮಾತಿನಿಂದ. ಅಪವಾದಗಳು ಆಮೇಲೆ ಬರುತ್ತವೆ. ಕುದುರೆ ಕೊಳ್ಳುವವನು ಹಲ್ಲು ಎಣಿಸಬಹುದು. ಮುಚ್ಚಿದ ಮೋಟಾರಿನೊಳಗಿನ ತಂತಿ ಸುತ್ತನ್ನು ಎಣಿಸುವುದು ಹೇಗೆ?

ಆದರೂ ಆ ಕಾಲದ ಕಾನೂನಿನಲ್ಲಿ ನಮಗೆ ಉಪಯೋಗವಾಗುವ ಒಂದು ಅಂಶವಿದೆ. 1872ರ ಕರಾರು ಕಾಯ್ದೆಯ 46ನೇ ಕಲಮಿನ ಪ್ರಕಾರ, ಕೊಟ್ಟ ಮಾತಿಗೆ ಸಮಯ ಗೊತ್ತುಮಾಡಿಲ್ಲದಿದ್ದರೆ ಅದನ್ನು ‘ಸಮಂಜಸ ಸಮಯ’ದೊಳಗೆ ನಡೆಸಿಕೊಡಬೇಕು. ಯಾವುದು ಸಮಂಜಸ ಎಂಬುದು ಆಯಾ ಪ್ರಕರಣದ ಸಂಗತಿಗೆ ಬಿಟ್ಟದ್ದು. ಇದು ಇಂದಿಗೂ ಜಾರಿಯಲ್ಲಿರುವ ಕಾಯ್ದೆ. ಅಂದರೆ ವಾರಂಟಿ ಕಾರ್ಡಿನಲ್ಲಿ ದಿನ ಬರೆದಿಲ್ಲವೆಂದ ಮಾತ್ರಕ್ಕೆ ಎಷ್ಟು ದಿನವಾದರೂ ಇಟ್ಟುಕೊಳ್ಳಬಹುದು ಎಂದಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಒಂದು ಮಿಕ್ಸಿಗಾಗಿ, ಒಂದು ಪಂಪಿಗಾಗಿ ಸಿವಿಲ್ ಕೋರ್ಟು ಹತ್ತಿ ವಕೀಲರನ್ನಿಟ್ಟು ವರ್ಷಗಟ್ಟಲೆ ಅಲೆಯುವವರು ಯಾರು?

ಗಿರಾಕಿ ‘ಗ್ರಾಹಕ’ನಾದದ್ದು

ಗಾಳಿ ಬದಲಾದದ್ದು ಕಳೆದ ಶತಮಾನದ ಕೊನೆಯ ಭಾಗದಲ್ಲಿ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಬಳಕೆದಾರರ ನಾಲ್ಕು ಹಕ್ಕುಗಳನ್ನು ಹೆಸರಿಸಿದರು. ಸುರಕ್ಷತೆ, ಮಾಹಿತಿ, ಆಯ್ಕೆ ಮತ್ತು ತಮ್ಮ ಮಾತನ್ನು ಕೇಳಿಸುವ ಹಕ್ಕು. ನಮ್ಮಲ್ಲಿ 1984ರಲ್ಲಿ ಏಕಸ್ವಾಮ್ಯ ವಿರೋಧಿ ಕಾಯ್ದೆಗೆ ತಂದ ತಿದ್ದುಪಡಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬುದನ್ನು ಕಾನೂನಿನೊಳಗೆ ತಂದಿತು. ನಡೆಸಿಕೊಡುವ ಸಂಭವವೇ ಇಲ್ಲದ ರಿಪೇರಿಯ ಭರವಸೆ ಕೊಡುವುದೂ ಅದರಲ್ಲಿ ಸೇರಿತ್ತು. 1986ರಲ್ಲಿ ಗ್ರಾಹಕರ ರಕ್ಷಣಾ ಕಾಯ್ದೆ ಬಂತು. ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದುದರಿಂದ ಆ ದಿನ ರಾಷ್ಟ್ರೀಯ ಗ್ರಾಹಕರ ದಿನವಾಯಿತು. ಜಿಲ್ಲೆಗೊಂದು ವೇದಿಕೆ, ವಕೀಲರಿಲ್ಲದೆ ತಾನೇ ವಾದಿಸುವ ಅವಕಾಶ ಸಾಮಾನ್ಯರಿಗೆ ಸಿಕ್ಕಿತು.

ಘಟ್ಟದ ಕೆಳಗಿನವರು ಈ ಕಾಯ್ದೆಗಾಗಿ ಕಾದು ಕೂತಿರಲಿಲ್ಲ. 1980ರ ದಶಕದ ಆರಂಭದಲ್ಲೇ ಉಡುಪಿ, ಬಸ್ರೂರು ಕಡೆ ಡಾ. ರವೀಂದ್ರನಾಥ ಶಾನುಭಾಗ್ ಮತ್ತು ಗೆಳೆಯರು ಬಳಕೆದಾರರ ವೇದಿಕೆ ಕಟ್ಟಿದ್ದರು. ಹಳ್ಳಿಯವರ ದೂರನ್ನು ಬರೆದುಕೊಂಡು, ಕಾಗದಪತ್ರ ಜೋಡಿಸಿ, ಕಂಪನಿಗಳಿಗೆ ಪತ್ರ ಬರೆದು ಉತ್ತರ ಕೇಳುವ ಅಭ್ಯಾಸವನ್ನು ಕರಾವಳಿಗೆ ಕಲಿಸಿದ್ದು ಇಂಥ ಸಂಘಟನೆಗಳು. ಸರಕಾರದ ಕಾಯ್ದೆಗೆ ಜೀವ ಬರುವುದು ಹೀಗೆ ಊರಿನಲ್ಲಿ ಬೆನ್ನಿಗೆ ನಿಲ್ಲುವವರಿದ್ದಾಗ.

ಆಮೇಲಿನ ತೀರ್ಪುಗಳು ದಾರಿಯನ್ನು ಒಂದಿಷ್ಟು ಸ್ಪಷ್ಟ ಮಾಡಿದವು. ಲಾಭದ ವ್ಯಾಪಾರಕ್ಕೆಂದು ಕೊಂಡವನು ಗ್ರಾಹಕನಲ್ಲ ಎಂದು ಕಾಯ್ದೆ ಹೇಳುತ್ತದೆ. ಹಾಗಾದರೆ ತೋಟದ ಯಂತ್ರ ಕೊಂಡ ಸಣ್ಣ ಬೆಳೆಗಾರನ ಗತಿ? 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾನೇ ದುಡಿದು ಹೊಟ್ಟೆ ಹೊರೆಯಲು ಯಂತ್ರ ಕೊಂಡವನು ಒಬ್ಬಿಬ್ಬರ ನೆರವು ಪಡೆದರೂ ಗ್ರಾಹಕನೇ ಎಂದು ವಿವರಿಸಿತು. 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ರೈತರೂ ಗ್ರಾಹಕರೇ ಎಂದಿತು. ನಮ್ಮ ಸಣ್ಣ ಹಿಡುವಳಿದಾರರು ಈ ಎರಡು ತೀರ್ಪುಗಳನ್ನು ನೆನಪಿಡಬೇಕು. ಇನ್ನೊಂದು ಕಡೆ, 2006ರ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕೆಟ್ಟ ಭಾಗವನ್ನು ಸರಿಮಾಡುವ ಇಲ್ಲವೇ ಬದಲಿಸುವ ಭರವಸೆ ಮಾತ್ರ ಇರುವಾಗ ಇಡೀ ಕಾರನ್ನೇ ಬದಲಿಸಿಕೊಡಿ ಎನ್ನಲಾಗದು ಎಂದೂ ಹೇಳಿದೆ. ಕೇಳುವ ಪರಿಹಾರ ಆದ ನಷ್ಟಕ್ಕೆ ತಕ್ಕಂತಿರಬೇಕು.

ಮೂವತ್ತು ದಿನ, ಮೂರು ತಿಂಗಳು

ಈಗ ಜಾರಿಯಲ್ಲಿರುವುದು 2019ರ ಕಾಯ್ದೆ. ಅದು 2020ರ ಜುಲೈನಿಂದ ಕೆಲಸ ಮಾಡುತ್ತಿದೆ. ಇದರಲ್ಲಿ ಕೊನೆಗೂ ಒಂದು ವಾಯಿದೆ ಕಾಣಿಸಿಕೊಂಡಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಹೇಳುತ್ತದೆ. ಎಲ್ಲ ರಿಪೇರಿಯೂ 30 ದಿನದಲ್ಲಿ ಮುಗಿಯಬೇಕೆಂದು ಇದರ ಅರ್ಥವಲ್ಲ. ಆದರೆ ದಿನದ ಲೆಕ್ಕ ಕಾನೂನಿನೊಳಗೆ ಬಂದದ್ದು ಸಣ್ಣ ಮಾತಲ್ಲ. ಸುಮ್ಮನೆ ಎಳೆದಾಡಿದರೆ ಸೇವಾ ನ್ಯೂನತೆ ಎಂದು ದೂರಿ ರಿಪೇರಿ, ಬದಲಿ ವಸ್ತು, ಹಣ ವಾಪಸು, ನಷ್ಟ ಪರಿಹಾರ ಕೇಳಬಹುದು. ಕೊಂಡದ್ದು ಎಲ್ಲಿಯೇ ಆದರೂ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಅವಕಾಶವಿದೆ. ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು. ಕಳಸದ ಮೂಲೆಯಿಂದ ಘಾಟಿ ರಸ್ತೆ ಸುತ್ತಿ ಚಿಕ್ಕಮಗಳೂರಿಗೆ ಹೋಗಬೇಕಾದವರಿಗೆ ಇದು ಒಂದು ದಿನದ ಕೂಲಿ ಉಳಿಸುತ್ತದೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಎಷ್ಟೋ ದೂರು ಆಯೋಗದ ಮೆಟ್ಟಿಲು ಹತ್ತುವ ಮೊದಲೇ ಅಲ್ಲಿ ಬಗೆಹರಿಯುತ್ತದೆ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಪ್ರಯೋಗಾಲಯದ ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ, ಬೇಕಾದುದನ್ನು ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಆಯೋಗಗಳಲ್ಲಿ ಅಧ್ಯಕ್ಷರ, ಸದಸ್ಯರ ಹುದ್ದೆಗಳು ಖಾಲಿ ಬಿದ್ದಿರುವುದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟೇ ಸ್ವಯಂಪ್ರೇರಣೆಯಿಂದ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು. ತಡವನ್ನು ದೂರಲು ಹೋದವನು ಅಲ್ಲಿಯೂ ‘ನಾಳೆ ಬನ್ನಿ’ ಕೇಳುವಂತಾದರೆ ಕಾಯ್ದೆ ಯಾರಿಗಾಗಿ? ಸರಕಾರಗಳು ಉತ್ತರಿಸಬೇಕಾದ ಪ್ರಶ್ನೆ ಇದು.

ನಾವು ಮಾಡಬಹುದಾದದ್ದೂ ಇದೆ. ಬಿಲ್ಲು ಕೇಳಿ ಪಡೆಯೋಣ. ‘ಬಿಲ್ ಬೇಡ, ನೂರು ರೂಪಾಯಿ ಕಡಿಮೆ’ ಎಂಬ ಆಸೆಗೆ ಬಿದ್ದರೆ ಹಕ್ಕನ್ನೇ ನೂರು ರೂಪಾಯಿಗೆ ಮಾರಿದಂತೆ. ವಸ್ತುವನ್ನು ರಿಪೇರಿಗೆ ಕೊಡುವಾಗ ದಿನಾಂಕ ಹಾಕಿದ ಚೀಟಿ ತೆಗೆದುಕೊಳ್ಳೋಣ. ಅದರಲ್ಲಿ ಏನು ಕೆಟ್ಟಿದೆ ಎಂಬುದರ ಕೆಳಗೆ ಯಾವಾಗ ಕೊಡುತ್ತೀರಿ ಎಂಬುದನ್ನೂ ಬರೆಸೋಣ. ಹೂಮಳೆಯ ಕಾಲ, ಕೊಯ್ಲಿನ ಕಾಲ ಎಂದಾದರೆ ಅದನ್ನೂ ಬರೆಸೋಣ. ತಡವಾದರೆ ಏನು ನಷ್ಟವೆಂದು ಅಂಗಡಿಯವನಿಗೆ ಮೊದಲೇ ತಿಳಿದಿತ್ತು ಎಂಬುದಕ್ಕೆ ಅದೇ ಸಾಕ್ಷಿ. ದಿನ ಮೀರಿದರೆ ಬಾಯಿಮಾತಿನ ಜಗಳ ಬಿಟ್ಟು ಪತ್ರ ಬರೆದು ಪ್ರತಿ ಇಟ್ಟುಕೊಳ್ಳೋಣ. ಅಂಗಡಿಯವರೂ ನಮ್ಮವರೇ; ಬಹಳಷ್ಟು ಸಲ ಕಂಪನಿಯ ತಡಕ್ಕೆ ಬೈಗುಳ ತಿನ್ನುವವರು ಅವರೇ. ನಮ್ಮ ಚೀಟಿಯ ಮೇಲಿನ ದಿನಾಂಕ ಕಂಪನಿಯನ್ನು ಕೇಳಲು ಅವರಿಗೂ ಆಧಾರವಾಗುತ್ತದೆ.