ತಳಿ ಬೆರೆಸಿ ಹುಡುಕುವ ವೇಳಾಪಟ್ಟಿ

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಸಿ.ಬಿ. ಗೂಡೆಂದರೆ ಏನೆಂದು ಹೇಳಿಕೊಡಬೇಕಿಲ್ಲ. ನಮ್ಮ ಹವೆಗೆ ಒಗ್ಗಿದ ಮೈಸೂರು ತಳಿಗೆ ಒಳ್ಳೆಯ ನೂಲಿನ ದ್ವಿತಳಿಯನ್ನು ಸೇರಿಸಿ ಪಡೆದ ಮಿಶ್ರತಳಿ ಅದು. ಬೆರೆಸು, ಬೆಳೆಸಿ ನೋಡು, ಉತ್ತಮವಾದುದನ್ನು ಉಳಿಸಿಕೋ ಎಂಬ ಈ ಉಪಾಯವೇ ಕಂಪ್ಯೂಟರ್ ಹೊಕ್ಕು ತೈಲ ಶುದ್ಧೀಕರಣಾಗಾರದವರೆಗೂ ಹೋಗಿದೆ.

ಕರ್ನಾಟಕದಲ್ಲಿ ಅಂಥ ಶುದ್ಧೀಕರಣಾಗಾರವಿರುವುದು ಮಂಗಳೂರಿನಲ್ಲಿ. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಆರಂಭವಾದ ಎಂಆರ್‌ಪಿಎಲ್ ಈಗ 1.5 ಕೋಟಿ ಟನ್‌ಗೆ ಬೆಳೆದಿದೆ. ಇಂಥ ಕಡೆ ಹಡಗಿನಲ್ಲಿ ಬರುವ ಕಚ್ಚಾತೈಲ ಪ್ರತಿ ಸಲ ಒಂದೇ ಬಗೆಯದಲ್ಲ. ಒಂದರಲ್ಲಿ ಗಂಧಕ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಇಳಿಸಲು ಟ್ಯಾಂಕ್ ಖಾಲಿ ಇರಬೇಕು, ತುಂಬಿದ ಮೇಲೆ ನೀರು ತಳಕ್ಕಿಳಿಯುವವರೆಗೆ ಕಾಯಬೇಕು, ಅಷ್ಟು ಹೊತ್ತೂ ಶುದ್ಧೀಕರಿಸುವ ಘಟಕ ನಿಲ್ಲಬಾರದು. ಹಡಗು ಕಾದು ನಿಂತರೆ ದಂಡ ತೆರಬೇಕು. ಇದನ್ನೆಲ್ಲ ಹೊಂದಿಸುವ ವೇಳಾಪಟ್ಟಿ ಸುಲಭದ್ದಲ್ಲ.

1947ರಲ್ಲಿ ಗಣಿತಜ್ಞ ಡಾಂಟ್ಜಿಗ್ ರೂಪಿಸಿದ, ಮಿತಿಗಳೊಳಗೆ ಅತ್ಯುತ್ತಮ ಪ್ರಮಾಣಗಳನ್ನು ಕಂಡುಕೊಳ್ಳುವ ಸಿಂಪ್ಲೆಕ್ಸ್ ವಿಧಾನ ಈ ಉದ್ಯಮಕ್ಕೆ ಬೇಗನೆ ಒದಗಿತು. 1952ರಲ್ಲೇ ಚಾರ್ನ್ಸ್, ಕೂಪರ್, ಮೆಲನ್ ವಿಮಾನದ ಪೆಟ್ರೋಲ್ ಬೆರೆಸುವ ಲೆಕ್ಕವನ್ನು ಅದರಿಂದ ಬಿಡಿಸಿದರು. ‘ಯಾವುದು ಎಷ್ಟು’ ಎಂಬುದಕ್ಕೆ ಉತ್ತರ ಸಿಕ್ಕಿತು. ‘ಯಾವುದಾದ ಮೇಲೆ ಯಾವುದು’ ಎಂಬುದು ಬೇರೆಯೇ ಕಷ್ಟ: 10 ಕೆಲಸಗಳನ್ನು 36,28,800 ಕ್ರಮಗಳಲ್ಲಿ ಜೋಡಿಸಬಹುದು; 15 ಆದರೆ 1.3 ಲಕ್ಷ ಕೋಟಿ ದಾಟುತ್ತದೆ.

ಇದಕ್ಕೆ ಹಾದಿ ತೆರೆದದ್ದು, ಉತ್ತರಗಳನ್ನು ತಳಿಗಳಂತೆ ಬೆರೆಸಿ ಉತ್ತಮವಾದುದನ್ನು ಉಳಿಸಿಕೊಳ್ಳುವ, ಜೀವವಿಕಾಸದಿಂದ ಕಲಿತ ಗಣಿತ. 1960ರ ದಶಕದಲ್ಲಿ ಬರ್ಲಿನ್‌ನಲ್ಲಿ ರೆಖೆನ್‌ಬೆರ್ಗ್ ಮತ್ತು ಶ್ವೆಫೆಲ್, 1975ರ ಪುಸ್ತಕದಲ್ಲಿ ಅಮೆರಿಕದ ಜಾನ್ ಹಾಲೆಂಡ್ ಅದಕ್ಕೆ ರೂಪ ಕೊಟ್ಟರು. ಹಾಲೆಂಡರ ಶಿಷ್ಯ ಗೋಲ್ಡ್‌ಬರ್ಗ್ 1983ರ ಪ್ರಬಂಧದಲ್ಲಿ ಅದನ್ನು ಅನಿಲ ಕೊಳವೆ ಮಾರ್ಗಕ್ಕೆ ಅಳವಡಿಸಿದರು. 1985ರಲ್ಲಿ ಡೇವಿಸ್ ಕಾರ್ಖಾನೆಯ ಕೆಲಸದ ಸರದಿಗೂ ತಂದರು. ಆದರೆ ಎರಡು ಸರದಿಗಳನ್ನು ಸುಮ್ಮನೆ ಅರ್ಧರ್ಧ ಕತ್ತರಿಸಿ ಜೋಡಿಸಿದರೆ ಒಂದು ಕೆಲಸ ಎರಡು ಸಲ ಬರುತ್ತದೆ, ಇನ್ನೊಂದು ಬಿಟ್ಟೇ ಹೋಗುತ್ತದೆ. ಹಾಗಾಗದಂತೆ ಬೆರೆಸುವುದೇ ಇಲ್ಲಿನ ಜಾಣ್ಮೆ.

ಮುಂದಿನ ದೊಡ್ಡ ಹೆಜ್ಜೆ ನಮ್ಮ ದೇಶದ್ದು ಎಂಬುದು ನನಗೆ ಹೆಮ್ಮೆ. ಕಾನ್ಪುರ ಐಐಟಿಯ ಕಲ್ಯಾಣಮಯ್ ದೇಬ್ ಮತ್ತು ಶ್ರೀನಿವಾಸ್ 1994ರಲ್ಲಿ, ಸುಧಾರಿತ ರೂಪದಲ್ಲಿ ದೇಬ್ ತಂಡ 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ ವಿಧಾನ, ಖರ್ಚು-ಗುಣಮಟ್ಟದಂಥ ಪರಸ್ಪರ ಎಳೆದಾಡುವ ಗುರಿಗಳನ್ನು ಒಟ್ಟಿಗೇ ತೂಗುತ್ತದೆ. ಅಲ್ಲಿಯವರೇ ಆದ ಸಂತೋಷ್ ಗುಪ್ತಾ ಮತ್ತು ಸಂಗಡಿಗರು ಅದನ್ನು ಶುದ್ಧೀಕರಣಾಗಾರದ ಕ್ಯಾಟಲಿಟಿಕ್ ಕ್ರ್ಯಾಕಿಂಗ್ ಘಟಕಕ್ಕೆ ಬಳಸಿದರು. ಮುಸುಕಿನ ಜೋಳದಲ್ಲಿ ವಿಜ್ಞಾನಿ ಮೆಕ್ಲಿಂಟಾಕ್ ಕಂಡ, ಜಾಗ ಬದಲಿಸುವ ‘ಜಿಗಿಯುವ ಜೀನ್’ಗಳ ಉಪಾಯವನ್ನೂ 2003ರಲ್ಲಿ ಲೆಕ್ಕಕ್ಕೆ ಸೇರಿಸಿದರು.

ಈ ವಿಕಾಸ ವಿಧಾನ ಸಾಕಷ್ಟು ಒಳ್ಳೆಯ ಉತ್ತರ ಕೊಡುತ್ತದೆ, ಅದೇ ಅತ್ಯುತ್ತಮವೆಂಬ ಭರವಸೆ ಕೊಡುವುದಿಲ್ಲ. ಆದ್ದರಿಂದ ಸರದಿಯನ್ನು ವಿಕಾಸ ವಿಧಾನಕ್ಕೂ ಪ್ರಮಾಣವನ್ನು ಸಿಂಪ್ಲೆಕ್ಸ್‌ನಂಥ ಹಳೆಯ ರೇಖೀಯ ಲೆಕ್ಕಕ್ಕೂ ಬಿಡುವ ಜೋಡಿ ಪದ್ಧತಿಯೇ ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ.

ಮಂಗಳೂರಿನ ಇಂಧನ ಹಾಸನದ ಮೂಲಕ ಕೊಳವೆಯಲ್ಲಿ ಹೊಸಕೋಟೆ ಬಳಿಯ ದೇವನಗೊಂದಿವರೆಗೂ ಬರುತ್ತದೆ; ಹಾಗಾಗಿ ಈ ಲೆಕ್ಕ ನಮಗೂ ದೂರದ್ದಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಮೂರು ಹಡಗು, ಐದು ಟ್ಯಾಂಕ್, ಒಂದು ಘಟಕ ಎಂದಿಟ್ಟುಕೊಂಡು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದನ್ನೊಮ್ಮೆ ಮಾಡಿ ನೋಡಿ.