ಮಗ್ಗದ ಊರುಗಳಿಗೆ ಸಂಶೋಧನೆ ತಡವಾಗಿ ಬಂದದ್ದೇಕೆ?

ವಿದ್ಯುತ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್‌ನ ಉನ್ನತ ಸಂಶೋಧನೆ ಎಂದಕೂಡಲೇ ಕರ್ನಾಟಕದಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೆಸರು ಬರುವುದು ಕಬ್ಬು, ಸಕ್ಕರೆ, ಸೀರೆಗಳ ಮಾತು ಬಂದಾಗ. ಈ ಅಂತರಕ್ಕೆ ಇಲ್ಲಿಯವರ ಬುದ್ಧಿಯ ಕೊರತೆಯೂ ಕಾರಣವಲ್ಲ, ಕಸುಬಿನ ಕೊರತೆಯೂ ಕಾರಣವಲ್ಲ. ಈ ನೆಲವನ್ನು ಹಂಚಿಕೊಂಡು ಆಳಿದ ರೀತಿಯೇ ಕಾರಣ ಎಂಬುದು ನನ್ನ ವಾದ. ಆಡಳಿತದಿಂದ ಹುಟ್ಟಿದ ಕೊರತೆಯನ್ನು ಆಡಳಿತದಿಂದಲೇ ನೀಗಿಸಬಹುದು. ಆದ್ದರಿಂದ ಈ ಇತಿಹಾಸವನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲು ಮೈಸೂರಿನ ಕಡೆ ನೋಡೋಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಜೆಮ್ಸೆಟ್‌ಜಿ ಟಾಟಾ ಕನಸು ಕಂಡಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ 1911ರಲ್ಲಿ ವಿದ್ಯಾರ್ಥಿಗಳು ಬಂದಾಗ, ಮೊದಲ ವಿಭಾಗಗಳ ಸಾಲಿನಲ್ಲೇ ವಿದ್ಯುತ್ ತಂತ್ರಜ್ಞಾನವೂ ಇತ್ತು. ಆಲ್‌ಫ್ರೆಡ್ ಹೇ ಅದರ ಮೊದಲ ಪ್ರಾಧ್ಯಾಪಕರು. ಮುಂದೆ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಡಾಕ್ಟರೇಟ್ ಮುಗಿಸಿ ಇದೇ ಸಂಸ್ಥೆಗೆ ಮರಳಿ, ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯಲ್ಲಿ ವಿದ್ಯಾರ್ಥಿಗಳನ್ನು ಬೆಳೆಸಿದರು. 1958ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆತ ಮೇಲೆ ಸಂಸ್ಥೆಗೆ ತಾನೇ ಪದವಿ ಕೊಡುವ ಅಧಿಕಾರವೂ ಬಂತು. ನದಿ, ಗಣಿ, ಜಮೀನು, ಖಜಾನೆ ಎಲ್ಲವೂ ಒಂದೇ ಸರ್ಕಾರದ ಆಡಳಿತದಡಿ ಇದ್ದುದರಿಂದ ಒಂದು ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಇಡಲು ಸಾಧ್ಯವಾಯಿತು.

ಅದೇ ಕಾಲದಲ್ಲಿ ಕೃಷ್ಣೆ-ಘಟಪ್ರಭೆಗಳ ನಡುವಿನ ಈ ಸೀಮೆ ಹರಿದು ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಯಪುರ ಜಿಲ್ಲೆಯದು. ಒಂದು ದಿನದ ಪ್ರಯಾಣದಲ್ಲಿ ಸುತ್ತಿ ಬರಬಹುದಾದ ಊರುಗಳಿಗೆ ನಾಲ್ವರು ಒಡೆಯರು. ಸಂಸ್ಥಾನಿಕರೂ ವಿದ್ಯೆಗೆ ಪೋಷಣೆ ಕೊಟ್ಟಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಕೊಟ್ಟಿದ್ದರು, ಅದನ್ನು ಮರೆಯುವಂತಿಲ್ಲ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಓದಿದ್ದು ಅಲ್ಲಿನ ಪರಶುರಾಮಭಾವು ಹೈಸ್ಕೂಲಿನಲ್ಲೇ. ಆದರೆ ಹೈಸ್ಕೂಲು ಮುಗಿದ ಮೇಲೆ ಅವರು ಪುಣೆಗೆ ಹೋಗಬೇಕಾಯಿತು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕುಲಪತಿಯೂ ಆದರು. ಚಿಕ್ಕ ಸಂಸ್ಥಾನ ಪ್ರತಿಭೆಯನ್ನು ಮ್ಯಾಟ್ರಿಕ್‌ವರೆಗೆ ಸಲಹಿತು. ಅದರಾಚೆಗೆ ಓದಬೇಕೆಂದವರು ಊರು ಬಿಡಬೇಕಿತ್ತು. ಪುಸ್ತಕವನ್ನೇ ನಂಬಿದ ತತ್ತ್ವಶಾಸ್ತ್ರದ ಪಾಡೇ ಹೀಗಿದ್ದ ಮೇಲೆ, ಪ್ರಯೋಗಾಲಯ ಬೇಡುವ ವಿದ್ಯುತ್ ಶಾಸ್ತ್ರದ ಪಾಡನ್ನು ಬೇರೆ ಹೇಳಬೇಕಿಲ್ಲ.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1963ರಲ್ಲಿ, ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದದ್ದು 1998ರಲ್ಲಿ. ಕಾಲೇಜಿನ ವಿಭಾಗಗಳೇ ಸಂಶೋಧನಾ ಕೇಂದ್ರಗಳಾಗಿ ಮಾನ್ಯತೆ ಪಡೆಯುವ ವ್ಯವಸ್ಥೆ ಆ ವಿಶ್ವವಿದ್ಯಾಲಯದಿಂದ ಬೆಳೆಯಿತು. ಬೆಂಗಳೂರಿನಲ್ಲಿ 1911ಕ್ಕೆ ತೆರೆದ ಬಾಗಿಲು ಇಲ್ಲಿ ತೆರೆಯಲು ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ಆ ಹೊತ್ತಿಗೆ ಸಂಶೋಧನೆಗೆ ಬೇಕಾದ ಪ್ರಶ್ನೆಗಳು ಮಾತ್ರ ಊರ ತುಂಬ ಹರಡಿದ್ದವು. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಪಕ್ಕದಲ್ಲಿ ವಿದ್ಯುತ್ ಮಗ್ಗಗಳು ಎದ್ದಿದ್ದವು. ಮುಧೋಳ, ಸಮೀರವಾಡಿಗಳ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ತೆಗೆಯುತ್ತಿದ್ದವು. ಬೀಳಗಿಯ ಹೊಲಮನೆಗಳನ್ನು ನುಂಗಿದ ಆಲಮಟ್ಟಿಯ ಹಿನ್ನೀರು 290 ಮೆಗಾವ್ಯಾಟ್‌ನ ವಿದ್ಯುದಾಗಾರವನ್ನು ತಿರುಗಿಸುತ್ತದೆ.

ಹಳೆಯ ಮಗ್ಗದಲ್ಲಿ ಡಾಕ್ಟರೇಟಿಗೆ ಒದಗುವಂಥದ್ದೇನಿದೆ ಎಂಬ ಆಕ್ಷೇಪ ಬರುತ್ತದೆ. ಕಂಪ್ಯೂಟರಿನ ಇತಿಹಾಸವೇ ಇದಕ್ಕೆ ಉತ್ತರ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಜಕಾರ್ಡ್ ರೂಪಿಸಿದ ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಏಳಬಾರದು ಎಂಬುದನ್ನು ತೂತು ಕೊರೆದ ರಟ್ಟುಗಳೇ ನಿರ್ಧರಿಸುತ್ತಿದ್ದವು. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಆ ರಟ್ಟುಗಳನ್ನೇ ಎರವಲು ಪಡೆದ. ಇಂದಿನ ಪ್ರಶ್ನೆಗಳೂ ಸಣ್ಣವಲ್ಲ. ಪ್ರತಿ ವಿದ್ಯುತ್ ಮಗ್ಗಕ್ಕೂ ಒಂದು ಸಣ್ಣ ಇಂಡಕ್ಷನ್ ಮೋಟರ್ ಇರುತ್ತದೆ. ಪೂರ್ಣ ಹೊರೆಯಿಲ್ಲದೆ ತಿರುಗುವಾಗ ಅದರ ಪವರ್ ಫ್ಯಾಕ್ಟರ್ ಕುಸಿಯುತ್ತದೆ, ಅಷ್ಟೇ ಕೆಲಸಕ್ಕೆ ಹೆಚ್ಚು ಕರೆಂಟು ಹರಿದು ತಂತಿಯಲ್ಲಿ ಶಕ್ತಿ ಸೋರುತ್ತದೆ. ಸಾವಿರಾರು ಮೋಟರುಗಳಿರುವ ಓಣಿಗಳು, ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ ಗ್ರಿಡ್ಡಿಗೆ ಹರಿದುಬರುವ ಕಾರ್ಖಾನೆಯ ವಿದ್ಯುತ್ತು, ಎರಡನ್ನೂ ಸರಿದೂಗಿಸುವುದು ಗಟ್ಟಿಯಾದ ಸಂಶೋಧನಾ ವಿಷಯ. ಸಂಶೋಧನೆ ಒಂದೆಡೆ ಕೇಂದ್ರೀಕೃತವಾಗಿದ್ದರೇ ಗುಣಮಟ್ಟ ಉಳಿಯುತ್ತದೆ ಎನ್ನುವವರ ಮಾತಿನಲ್ಲೂ ಸತ್ಯವಿದೆ: ಚಿಪ್ ತಯಾರಿಕೆಯ ಪ್ರಯೋಗಾಲಯವನ್ನು ಪ್ರತಿ ತಾಲ್ಲೂಕಿನಲ್ಲಿ ಕಟ್ಟಲಾಗದು. ಆದರೆ ಮಗ್ಗದ ಓಣಿಯ ವೋಲ್ಟೇಜನ್ನು ಅಳೆಯಬೇಕಾದದ್ದು ಮಗ್ಗದ ಓಣಿಯಲ್ಲೇ.

ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮುನ್ನ ಅಭ್ಯರ್ಥಿ ಅಧ್ಯಾಪಕರ ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮುಂದೆ ತನ್ನ ಕೆಲಸವನ್ನು ಮಂಡಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿ ಹೇಳಿತು. ಆ ಪದ್ಧತಿಯನ್ನು ಈ ಸೀಮೆಯ ಕಾಲೇಜುಗಳು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಲಿ. ಮಗ್ಗ, ಕಬ್ಬು, ಪಂಪ್‌ಸೆಟ್ಟುಗಳ ಮೇಲಿನ ಸೆಮಿನಾರುಗಳು ಬನಹಟ್ಟಿಯಲ್ಲಿ, ಮುಧೋಳದಲ್ಲಿ, ಕನ್ನಡದಲ್ಲಿ, ನೇಕಾರರು ಮತ್ತು ರೈತರ ಎದುರಿನಲ್ಲಿ ನಡೆಯಲಿ. ಅವರು ಕೇಳುವ ಪ್ರಶ್ನೆಗಳಿಗೂ ಪರೀಕ್ಷಕರ ಪ್ರಶ್ನೆಗಳಷ್ಟೇ ಬೆಲೆ ಸಿಗಲಿ. ಹಿಂದೆ ನಾಲ್ವರು ಒಡೆಯರಿದ್ದರು ಎಂಬ ನೆಪ 1956ಕ್ಕೇ ಮುಗಿಯಿತು. ಇನ್ನೂ ತಡವಾದರೆ ಆ ಹೊಣೆ ನಮ್ಮದು.